ಗಡಿಕಲ್ಲಿನ ಬಳಿ ನಿಂತು ಕರೆದವರು

ನಮ್ಮ ಚಿಕ್ಕಪ್ಪ ಹುಚ್ಚರಾಯಪ್ಪನವರು ಮೈಸೂರಿನ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುತ್ತಾರೆ. ಅದರ ಜೊತೆಗೆ ದೊಡ್ಡ ಪದವಿಗಾಗಿ ಒಂದು ಸಂಶೋಧನೆಯನ್ನೂ ಮಾಡುತ್ತಿದ್ದಾರೆ. ಅದು ಯಾವ ವಿಷಯದ ಮೇಲೆ ಎಂದು ಊರಿನಲ್ಲಿ ಯಾರಾದರೂ ಕೇಳಿದರೆ ನಮ್ಮ ಅಪ್ಪ ಹೀಗೆ ಹೇಳುತ್ತಾರೆ: “ಎಲ್ಲಾದ್ರೂ ಬೆಂಕಿ ಬಿತ್ತು ಅನ್ರಿ. ಜನ ಕೊಡ ಹಿಡ್ಕೊಂಡು ಓಡ್ತಾರಲ್ಲ? ಇವನು ಬೆಂಕಿ ಆರಿದ್ ಮೇಲೆ ಹೋಗಿ, ಯಾರು ಯಾರಿಗೆ ಹೇಳಿ ಓಡಿದ್ರಿ ಅಂತ ಕೇಳ್ತಾನೆ. ಅದಕ್ಕೂ ಸಂಬಳ ಕೊಡ್ತಾರಂತೆ.”

ಕೇಳಿದವರು ನಗುತ್ತಾರೆ. ಚಿಕ್ಕಪ್ಪ ಎದುರಿಗಿದ್ದರೆ ಅವರೂ ನಗುತ್ತಾರೆ. ಆದರೆ ಅಪ್ಪ ಹೇಳುವುದು ಸುಳ್ಳಲ್ಲ. ಕೆರೆ ಒಡೆದರೆ, ಊರಿಗೆ ಬೆಂಕಿ ಬಿದ್ದರೆ, ರೋಗ ಹರಡಿದರೆ ಕಂದಾಯದವರು, ಪೊಲೀಸಿನವರು, ಆರೋಗ್ಯದವರು, ರಸ್ತೆ ಕೆಲಸದವರು, ಶಾಲೆಯವರು ಎಲ್ಲರೂ ಏನಾದರೊಂದು ಮಾಡಬೇಕಾಗುತ್ತದೆ. ಅವರು ಒಟ್ಟಿಗೆ ಸೇರಿ ಮಾಡುತ್ತಾರೋ, ತಮ್ಮ ತಮ್ಮ ಪಾಡಿಗೆ ಮಾಡುತ್ತಾರೋ ಎಂಬುದೇ ಚಿಕ್ಕಪ್ಪನ ಸಂಶೋಧನೆ. ಒಮ್ಮೆ ಅವರು ನನಗೆ ಬಿಡಿಸಿ ಹೇಳಿದ್ದರು. ಒಂದು ಕಡೆ ಕೆರೆಯ ಏರಿ ಬಿರುಕು ಬಿಟ್ಟಾಗ ಮರಳಿನ ಚೀಲಗಳು ಒಂದು ಇಲಾಖೆಯ ಉಗ್ರಾಣದಲ್ಲಿದ್ದವಂತೆ. ಅವನ್ನು ಹೊರುವ ಗಾಡಿಗಳು ಇನ್ನೊಂದು ಇಲಾಖೆಯ ಮಾತಿಗೆ ಕಾಯುತ್ತಾ ಪಕ್ಕದ ಬೀದಿಯಲ್ಲೇ ನಿಂತಿದ್ದವಂತೆ. ಏರಿ ಒಡೆದ ಮೇಲೆಯೇ ಇವರಿಗೆ ಅವರು, ಅವರಿಗೆ ಇವರು ಕಂಡದ್ದು.

“ಯಾರಿಗೆ ಗೊತ್ತಿತ್ತು? ಅವರು ಯಾರಿಗೆ ಹೇಳಲಿಲ್ಲ? ಇಷ್ಟೇ ನಾನು ಕೇಳೋದು,” ಎಂದರು ಚಿಕ್ಕಪ್ಪ.

ಈ ಪ್ರಶ್ನೆಯನ್ನು ಅವರು ಎಲ್ಲಿಂದ ಹಿಡಿದುಕೊಂಡರು ಎಂಬುದು ಮೈಸೂರಿನಲ್ಲಿ ಯಾರಿಗೂ ಗೊತ್ತಿಲ್ಲ. ನಮಗೂ ಕಳೆದ ವರ್ಷದವರೆಗೆ ಗೊತ್ತಿರಲಿಲ್ಲ.

ನಮ್ಮ ಊರು ಮಳಲಗೊಪ್ಪ. ಬಂದಳಿಕೆಯಿಂದ ನಡೆದು ಬರುವಷ್ಟು ದೂರ. ಊರು ಶಿಕಾರಿಪುರ ತಾಲ್ಲೂಕಿಗೆ ಸೇರಿದೆ. ಊರಿನ ಪಡುವಣ ಬದಿಯಲ್ಲಿ ಒಂದು ಹಳ್ಳವಿದೆ. ಹಳ್ಳದ ನಡುವೆ ಗಡಿಕಲ್ಲು. ಕಲ್ಲಿನಿಂದ ಆಚೆಗೆ ಸೊರಬ ತಾಲ್ಲೂಕು. ಆಚೆಯ ದಡದಲ್ಲಿ ಹಳೆಯದೊಂದು ಮಾವಿನ ತೋಪು ಇದೆ. ಬೇಸಿಗೆಯಲ್ಲಿ ಹಳ್ಳದಲ್ಲಿ ನೀರಿರುವುದಿಲ್ಲ. ಹೆಂಗಸರು ಸೌದೆಗೆಂದು ದಿನವೂ ಆ ಕಲ್ಲನ್ನು ದಾಟಿ ಹೋಗಿ ಬರುತ್ತಾರೆ. ದಾಟಿದೆವು ಎಂದು ಯಾರಿಗೂ ಅನ್ನಿಸುವುದಿಲ್ಲ.

ಸುತ್ತಲಿನ ಊರುಗಳಲ್ಲಿ ಸಿಡುಬು ಕಾಣಿಸಿಕೊಂಡರೆ ನಮ್ಮ ಊರಿನಲ್ಲಿ ಹೊರಬೀಡು ಬಿಡುತ್ತಾರೆ. ಸಿಡುಬನ್ನು ನಾವು ಅಮ್ಮ ಎನ್ನುತ್ತೇವೆ. ಹೊರಬೀಡಿನ ದಿನ ಸೂರ್ಯ ಹುಟ್ಟುವ ಮೊದಲೇ ಒಲೆ ಆರಿಸಿ, ಬಾಗಿಲಿಗೆ ಬೀಗ ಹಾಕಿ, ದನ, ನಾಯಿ, ಕೋಳಿಗಳನ್ನೂ ಹೊರಡಿಸಿಕೊಂಡು ಇಡೀ ಊರು ಹಳ್ಳ ದಾಟಿ ತೋಪಿಗೆ ಹೋಗಬೇಕು. ಅಲ್ಲೇ ಅಡುಗೆ, ಅಲ್ಲೇ ಊಟ. ಸೂರ್ಯ ಮುಳುಗಿದ ಮೇಲೆ ಪೂಜಾರಿ ಮೊದಲು ಹೋಗಿ ಊರಬಾಗಿಲಿನಲ್ಲಿ ಅರಿಶಿನದ ನೀರು ಚಿಮುಕಿಸಿದ ಮೇಲೆಯೇ ಉಳಿದವರು ಒಳಗೆ ಕಾಲಿಡಬೇಕು. ಒಳಗೆ ಹೋದವರು ಮರುದಿನ ಬೆಳಗಾಗುವವರೆಗೆ ಬಾಗಿಲು ತೆಗೆಯುವಂತಿಲ್ಲ.

ಆ ಹಗಲು ಖಾಲಿ ಊರಿನಲ್ಲಿ ಅಮ್ಮ ಒಬ್ಬಳೇ ಮನೆಮನೆಗೂ ಹೋಗುತ್ತಾಳೆ ಎಂದು ಹಿರಿಯರು ಹೇಳುತ್ತಾರೆ. ಯಾರೂ ಸಿಗದಿದ್ದರೆ ಹಳ್ಳದವರೆಗೆ ಬಂದು ಕರೆಯುತ್ತಾಳಂತೆ. ಅದಕ್ಕೇ ತೋಪಿನಲ್ಲಿ ಎಲ್ಲರೂ ಊರಿಗೆ ಬೆನ್ನು ಹಾಕಿ ಕೂರಬೇಕು. ಆ ಕಡೆಯಿಂದ ಯಾರು ಕರೆದರೂ ಓಗೊಡಬಾರದು. ಓ ಅಂದವರ ಹಿಂದೆ ಅವಳು ಬರುತ್ತಾಳೆ.

ಚಿಕ್ಕಪ್ಪ ಎಂಟೊಂಬತ್ತು ವರ್ಷದ ಹುಡುಗನಾಗಿದ್ದಾಗ ಒಂದು ಹೊರಬೀಡು ನಡೆಯಿತು. ಆಗ ಅವರಿಗೆ ಚೌಡೇಶ್ವರಿ ಎಂಬ ತಂಗಿ ಇದ್ದಳು. ಮನೆಯಲ್ಲಿ ಚೌಡಿ ಎಂದು ಕರೆಯುತ್ತಿದ್ದರು. ನಮ್ಮ ಅಜ್ಜಿ ತಾಯಮ್ಮ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತೋಪಿನಲ್ಲಿದ್ದರು. ಮಧ್ಯಾಹ್ನದ ಹೊತ್ತಿಗೆ ಊರಿನ ಕಡೆಯಿಂದ ಒಂದು ದನಿ ಕೇಳಿಸಿತು.

“ಯಾರಾದ್ರೂ ಬರ್ರಪ್ಪಾ… ಒಬ್ಬರಾದ್ರೂ ಓ ಅನ್ರಪ್ಪಾ…”

ತೋಪಿನಲ್ಲಿ ಸದ್ದು ನಿಂತಿತು. ಚೌಡಿ ಮಾತ್ರ, “ಅವ್ವಾ, ಯಾರೋ ಕರೀತಾರೆ,” ಎಂದು ಬಾಯಿ ತೆರೆದಳು. ಅಜ್ಜಿ ಬಲಗೈಯಿಂದ ಅವಳ ಬಾಯನ್ನು ಮುಚ್ಚಿಬಿಟ್ಟರು. ದನಿ ಮತ್ತೆ ಮತ್ತೆ ಕರೆಯಿತು. ಅಜ್ಜಿಯ ಪಕ್ಕದಲ್ಲಿ ಕೂತಿದ್ದ ಚಿಕ್ಕಪ್ಪ ತಡೆಯಲಾರದೆ ತಮ್ಮ ಕಂಕುಳ ಸಂದಿನಿಂದ ಹಿಂದಕ್ಕೆ ನೋಡಿದರು. ಗಡಿಕಲ್ಲಿನ ಬಳಿ ಕೋಟು ತೊಟ್ಟ ಒಂದು ಆಕೃತಿ ನಿಂತಿತ್ತು. ಹೆಗಲಿಗೆ ಪೆಟ್ಟಿಗೆ, ಕೈಯಲ್ಲಿ ಕೊಡೆ. ಅದು ಬಹಳ ಹೊತ್ತು ಇವರನ್ನೇ ನೋಡುತ್ತಾ ನಿಂತು ಆಮೇಲೆ ತಿರುಗಿ ಖಾಲಿ ಊರಿನೊಳಕ್ಕೆ ಹೋಯಿತು. ಅಮ್ಮ ಗಂಡಸಿನ ವೇಷದಲ್ಲೂ ಬರುತ್ತಾಳೆ ಎಂದು ಹುಡುಗ ತಿಳಿದುಕೊಂಡ. ನೋಡಿದ್ದನ್ನು ಯಾರಿಗೂ ಹೇಳಲಿಲ್ಲ.

ಆ ತಿಂಗಳು ಮುಗಿಯುವ ಮೊದಲೇ ಚೌಡಿಗೆ ಅಮ್ಮ ಬಂದಳು. ಮಗು ಉಳಿಯಲಿಲ್ಲ. ಇನ್ನೂ ಕೆಲವು ಮನೆಗಳಲ್ಲಿ ಮಕ್ಕಳು ಹೋದರು. ಚೌಡಿ ಅರ್ಧ ಓಗೊಟ್ಟಿದ್ದಳು, ತಾಯಿ ಬಾಯಿ ಮುಚ್ಚುವುದು ತಡವಾಯಿತು ಎಂದು ಊರಿನವರು ಮಾತಾಡಿಕೊಂಡರು. ಅಜ್ಜಿ ಅದನ್ನೇ ನಂಬಿದರು. ನಮ್ಮನ್ನು ಎತ್ತಿಕೊಂಡು ಕೂತಾಗಲೂ ಅವರು ತಮ್ಮ ಬಲಗೈಯನ್ನು ಒಮ್ಮೊಮ್ಮೆ ನೋಡಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಆಗ ಅದಕ್ಕೆ ಅರ್ಥ ತಿಳಿದಿರಲಿಲ್ಲ.

ಚಿಕ್ಕಪ್ಪ ಶಿಕಾರಿಪುರದಲ್ಲಿ ಓದಿದರು. ಆಮೇಲೆ ಶಿವಮೊಗ್ಗ, ಆಮೇಲೆ ಮೈಸೂರು. ತಾತ ತೀರಿಕೊಂಡ ಮೇಲೆ ನಮ್ಮ ಅಪ್ಪ ಕೆಂಪಪ್ಪನವರು ಗದ್ದೆ ಕೆಲಸ ನೋಡಿಕೊಂಡು ಅವರನ್ನು ಓದಿಸಿದರು. ಎಂ.ಎ. ಮುಗಿಸಿ ಅಧ್ಯಾಪಕರಾದ ಮೇಲೆ ಸಂಶೋಧನೆಗೆ ವಿಷಯ ಆರಿಸಿಕೊಳ್ಳಬೇಕಾಯಿತು. ಅವರ ಪ್ರೊಫೆಸರರು ಜಾತಿಯ ಬಗ್ಗೆ ಬರಿ, ಮದುವೆ ಪದ್ಧತಿಯ ಬಗ್ಗೆ ಬರಿ ಎಂದರಂತೆ. ಆಪತ್ತಿನ ಕಾಲದಲ್ಲಿ ಇಲಾಖೆಗಳು ಹೇಗೆ ಕೂಡಿ ಕೆಲಸ ಮಾಡುತ್ತವೆ ಎಂಬುದೇ ತಮ್ಮ ವಿಷಯ ಎಂದು ಚಿಕ್ಕಪ್ಪ ಹಟ ಹಿಡಿದರು.

“ಇದಕ್ಕೆ ಪುಸ್ತಕಗಳೇ ಇಲ್ಲವಲ್ಲಯ್ಯ,” ಎಂದರಂತೆ ಪ್ರೊಫೆಸರರು.

“ಜನ ಇದ್ದಾರೆ ಸರ್,” ಎಂದರಂತೆ ಚಿಕ್ಕಪ್ಪ.

ಹೀಗೆ ಜನರನ್ನು ಹುಡುಕಿಕೊಂಡು ೧೯೫೭ರ ದಸರೆ ರಜೆಯಲ್ಲಿ ಅವರು ಶಿಕಾರಿಪುರಕ್ಕೆ ಬಂದರು. ಹಿಂದೆ ರೋಗ ಬಂದಾಗ ಕೆಲಸ ಮಾಡಿದ್ದ ಹಳಬರನ್ನು ವಿಚಾರಿಸುತ್ತಾ ಹೋದಾಗ ಮಾಸ್ತಪ್ಪ ಎಂಬ ಮುದುಕರು ಸಿಕ್ಕಿದರು. ಅವರು ಸಿಡುಬಿಗೆ ದಾಕು ಹಾಕುವ ಕೆಲಸದಿಂದ ನಿವೃತ್ತರಾಗಿದ್ದರು. ದಾಕು ಎಂದರೆ ತೋಳಿನ ಮೇಲೆ ಗೀರಿ ಹಾಕುವ ಔಷಧಿ. ಜಗುಲಿಯ ಮೇಲೆ ಕೂತು ಅವರು ಆಡಿದ ಮಾತುಗಳನ್ನು ಚಿಕ್ಕಪ್ಪ ಬಹಳ ದಿನಗಳ ಮೇಲೆ ನಮ್ಮ ಅಪ್ಪನಿಗೆ ಹೇಳಿದರು. ಅಪ್ಪನ ಪಕ್ಕದಲ್ಲಿ ಕೂತು ನಾನೂ ಕೇಳಿದೆ.

“ನಿಮ್ಮದು ಯಾವೂರು ಅಂದ್ರಿ?”

“ಮಳಲಗೊಪ್ಪ.”

“ಆ ಊರಿಗೆ ನಾನು ಒಂದ್ಸಲ ಹೋಗಿದ್ದೆ ನೋಡ್ರಿ. ಊರೇ ಇರ್ಲಿಲ್ಲ.”

“ಊರೇ ಇರ್ಲಿಲ್ಲ ಅಂದ್ರೆ?”

“ಬೀಗ ಇದ್ವು. ಊರು ಇರ್ಲಿಲ್ಲ. ಒಂದು ನಾಯಿ ಬೊಗಳ್ಲಿಲ್ಲ. ಬಾಗಿಲು ಬಡ್ದು ಬಡ್ದು ಕೈ ನೋವು ಬಂತು. ಆಮೇಲೆ ಹಳ್ಳದ ಆಚೆ ಹೊಗೆ ಕಂಡು ಅಲ್ಲಿಗೆ ಹೋದೆ. ಅಷ್ಟೂ ಜನ ತೋಪಿನಾಗೆ ಕೂತಾರೆ, ನನಗೆ ಬೆನ್ನು ತೋರಿಸ್ಕೊಂಡು! ಕೂಗ್ದೆ, ಕೈ ಬೀಸ್ದೆ. ಒಬ್ಬರೂ ತಿರುಗ್ಲಿಲ್ಲ. ನಾನು ಬದುಕಿದೀನೋ ಇಲ್ಲೋ ಅಂತ ನನಗೇ ಅನುಮಾನ ಬಂತು. ಒಬ್ಬ ಹುಡುಗ ಮಾತ್ರ ಕಂಕುಳ ಸಂದಿಯಿಂದ ನೋಡ್ತಿದ್ದ.”

ಚಿಕ್ಕಪ್ಪ ಪೆನ್ನಿಗೆ ಮುಚ್ಚಳ ಹಾಕಿದರಂತೆ. “ಹಳ್ಳ ದಾಟಿ ಹೋಗಬಹುದಿತ್ತಲ್ರೀ?” ಎಂದರಂತೆ.

“ಕಲ್ಲಿನ ಆಚೆ ಸೊರಬ. ನನ್ನ ಕೆಲಸ ಕಲ್ಲಿಗೇ ಮುಗೀತಿತ್ತು. ದಾಟಿದ್ರೆ ಮೇಲಿನವರ ಹತ್ರ ಬೈಸ್ಕೋತಿದ್ದೆ, ಅಷ್ಟೇ.” ಮುದುಕರು ತಮ್ಮ ಮೊಣಕಾಲನ್ನು ಒತ್ತಿಕೊಂಡರು. “ಅಷ್ಟೇ ಅಂತ ಈಗ ಅನ್ಸತ್ತೆ. ಔಷಧಿ ಬಿಸಿಲಿಗೆ ಕೆಡ್ತದೆ ಅಂತ ಬೇರೆ ಊರಿಗೆ ಹೊಂಟೆ. ಆಮೇಲೆ ಮಕ್ಕಳು ಹೋದ್ವು ಅಂತ ಕೇಳ್ದೆ. ನಾನು ಯಾರ ಹತ್ರಾನೂ ಇದನ್ನ ಹೇಳಿಲ್ಲ ನೋಡ್ರಿ. ನೀವು ಕೇಳಿದ್ರಿ, ಹೇಳಿದೆ.”

ಆ ದಿನ ಹೊರಬೀಡು ಎಂದು ಊರಿನ ಶಾನುಭೋಗರಿಗೆ ಗೊತ್ತಿತ್ತು. ಅಂದು ಅವರು ಕಂದಾಯ ಕೇಳಲು ಬರಲಿಲ್ಲ. ಶಾಲೆಯ ಮೇಷ್ಟ್ರಿಗೂ ಗೊತ್ತಿತ್ತು. ಅವರು ಶಾಲೆಗೆ ರಜೆ ಕೊಟ್ಟಿದ್ದರು. ದಾಕು ಹಾಕುವವರಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಇಷ್ಟೇ ಆದದ್ದು.

ಚಿಕ್ಕಪ್ಪ ಅಲ್ಲಿಂದ ನೇರ ಊರಿಗೆ ಬಂದರು. ಅವತ್ತು ಅಜ್ಜಿ ರೊಟ್ಟಿ ತಟ್ಟುತ್ತಿದ್ದರು.

“ಯಾಕೋ, ಮುಖ ಹಿಂಗೈತೆ? ಪರೀಕ್ಷೆ ಫೇಲಾದೋರ ಥರ.”

“ಬಸ್ಸಿನ ಧೂಳು ಅವ್ವ.”

ಅವರು ಊಟ ಮಾಡಿ ಎದ್ದು ಹೋದರು. ತನ್ನ ಕೈ ತಡವಾಯಿತು ಎಂದು ಇಷ್ಟು ವರ್ಷ ಅತ್ತವಳಿಗೆ, ಅದು ದಾಕು ಹಾಕುವವರ ಕರೆ, ಮಗುವಿನ ಬಾಯಿ ಮುಚ್ಚಲೇಬಾರದಾಗಿತ್ತು ಎಂದು ಹೇಗೆ ಹೇಳುವುದು? ಮೈಸೂರಿಗೆ ಹೋದರು, ಸಂಕ್ರಾಂತಿಗೆ ಬಂದರು, ಮತ್ತೆ ಹೋದರು. ಹೇಳಲಿಲ್ಲ. ಆ ದಿನಗಳಲ್ಲಿ ಯಾರಾದರೂ ಹಿಂದಿನಿಂದ ಕರೆದರೆ ಅವರು ಬೆಚ್ಚಿ ತಿರುಗುತ್ತಿದ್ದರು.

೧೯೫೮ರ ಯುಗಾದಿ ಕಳೆದ ಮೇಲೆ ನಮ್ಮಿಂದ ಎರಡು ಊರಿನಾಚೆ ಸಿಡುಬು ಕಾಣಿಸಿಕೊಂಡಿತು. ಪೂಜಾರಿ ಗುತ್ಯಪ್ಪನವರು ಹೊರಬೀಡಿಗೆ ಮುಂದಿನ ಮಂಗಳವಾರವನ್ನು ಗೊತ್ತು ಮಾಡಿದರು. ಅಪ್ಪ ಕಾರ್ಡು ಬರೆದರು. ಕಾರ್ಡು ತಲುಪಿದ ದಿನವೇ ಚಿಕ್ಕಪ್ಪ ಹೊರಟು ಬಂದರು.

ಅವರ ಯೋಚನೆ ಹೀಗಿತ್ತು. ಬೇರೆ ದಿನ ದಾಕಿನವರು ಬಂದರೆ ಅರ್ಧ ಊರು ಗದ್ದೆಯಲ್ಲಿರುತ್ತದೆ, ಉಳಿದರ್ಧ ಅಟ್ಟದ ಮೇಲೆ ಅಡಗುತ್ತದೆ. ಹೊರಬೀಡಿನ ದಿನ ಮನೆಗಳಿಗೆ ಬೀಗ. ಹಸುಗೂಸಿನಿಂದ ಮುದುಕರವರೆಗೆ ಎಲ್ಲರೂ ಒಂದೇ ತೋಪಿನಲ್ಲಿ ಸಿಗುತ್ತಾರೆ. ಅಂಥ ದಿನ ಇನ್ನೊಂದಿಲ್ಲ. ನಮ್ಮ ತಂಗಿ ಬಂಗಾರಿಗೆ ಆಗ ನಾಲ್ಕು ವರ್ಷ. ಅವಳಿಗೂ, ಅವಳ ವಯಸ್ಸಿನ ಎಷ್ಟೋ ಮಕ್ಕಳಿಗೂ ದಾಕು ಹಾಕಿಸಿರಲಿಲ್ಲ. ಚೌಡಿ ಹೋದಾಗ ಅವಳಿಗೂ ಅದೇ ವಯಸ್ಸು.

ಚಿಕ್ಕಪ್ಪ ಮೊದಲು ಶಿಕಾರಿಪುರಕ್ಕೆ ಹೋಗಿ ಹೆಲ್ತ್ ಇನ್ಸ್‌ಪೆಕ್ಟರ್ ನಾಗರಾಜಪ್ಪನವರನ್ನು ಕಂಡರು. ಅವರು ಒಳ್ಳೆಯವರು.

“ಜನ ನಮ್ಮವರೇ, ಒಪ್ತೀನ್ರಿ. ಆದರೆ ನೆಲ ಆ ಕಡೆಯವರದ್ದು. ಅವರನ್ನ ಕೇಳ್ದೆ ನಾನು ಹೋಗಿ ಕೆಲಸ ಮಾಡಿದ್ರೆ ಚೆನ್ನಾಗಿರಲ್ಲ. ಅಲ್ಲದೆ ಇದ್ದ ಔಷಧಿಯೆಲ್ಲ ಪೇಟೆಗೇ ಖರ್ಚಾಗಿದೆ. ಶಿವಮೊಗ್ಗದಿಂದ ಬರೋದಕ್ಕೆ ಇನ್ನೂ ಒಂದು ವಾರ ಬೇಕು.”

ಚಿಕ್ಕಪ್ಪ ಬಸ್ಸು ಹತ್ತಿ ಸೊರಬಕ್ಕೆ ಹೋದರು. ಅಲ್ಲಿಯ ಇನ್ಸ್‌ಪೆಕ್ಟರ್ ಮಹೇಶ್ವರಪ್ಪನವರೂ ಒಳ್ಳೆಯವರೇ.

“ಔಷಧಿ ಉಂಟು ಮಾರಾಯ್ರೆ. ನೆಲವೂ ನಮ್ಮದೇ. ಆದರೆ ಜನ ನಿಮ್ಮವರಲ್ಲವಾ? ನಾನು ಚುಚ್ಚಿ ಬಂದು, ನಾಳೆ ಒಂದು ಮಗುವಿಗೆ ಜ್ವರ ಬಂತು ಅಂದುಕೊಳ್ಳಿ. ಅವರ ಮನೆ ಹತ್ತಿರ ನೋಡೋಕೆ ಯಾರು ಹೋಗಬೇಕು? ನಾನಂತೂ ಹೋಗುವ ಹಾಗಿಲ್ಲ.”

ಇಬ್ಬರ ಮಾತಿನಲ್ಲೂ ತಪ್ಪಿರಲಿಲ್ಲ. ಅದೇ ಕಷ್ಟ ಎಂದು ಚಿಕ್ಕಪ್ಪ ಆಮೇಲೆ ಹೇಳುತ್ತಿದ್ದರು. ತಪ್ಪಿದ್ದರೆ ಜಗಳವಾದರೂ ಆಡಬಹುದು. ಅವರು ಸೊರಬದಿಂದ ಶಿಕಾರಿಪುರಕ್ಕೆ, ಅಲ್ಲಿಂದ ಮತ್ತೆ ಸೊರಬಕ್ಕೆ ತಿರುಗಿದರು. ಕಂಡಕ್ಟರ್ ಕೂಡ ಒಮ್ಮೆ, “ಏನ್ ಸಾರ್, ಎರಡೂ ಊರಲ್ಲಿ ಹೆಣ್ಣು ನೋಡಿದೀರಾ?” ಎಂದನಂತೆ. ಕೊನೆಗೆ ಒಂದು ಒಪ್ಪಂದವಾಯಿತು. ಸೊರಬದ ಇನ್ಸ್‌ಪೆಕ್ಟರು ಔಷಧಿಯನ್ನು ಗಡಿಕಲ್ಲಿನವರೆಗೆ ತರುವುದು. ಶಿಕಾರಿಪುರದವರು ಕಲ್ಲಿನ ಈಚೆಯ ಪಕ್ಕದಲ್ಲೇ ಪೆಟ್ಟಿಗೆ ಬಿಚ್ಚಿ ಕೂರುವುದು. ಜನ ತೋಪಿನಿಂದ ಕಲ್ಲಿನವರೆಗೆ ಬರುವುದು.

ಇನ್ನು ಉಳಿದದ್ದು ಪೂಜಾರಿ. ಗುತ್ಯಪ್ಪನವರು ಕೇಳಿ ನಕ್ಕರು.

“ಅಮ್ಮನಿಗೇ ಸೂಜಿ ಹಾಕ್ಸೋಕೆ ಹೊಂಟೀಯೇನೋ ಹುಚ್ಚರಾಯಾ?”

“ಅಮ್ಮನಿಗಲ್ಲ ಗುತ್ಯಪ್ಪಣ್ಣ, ಮಕ್ಕಳಿಗೆ.”

“ಆಗ್ಲಿ. ನಾನು ಅಡ್ಡ ಬರಲ್ಲ. ನೀನು ಬೆಳಿಗ್ಗೆ ನಮ್ಮ ಜೊತೇಲೇ ತೋಪಿಗೆ ಬಾ. ಅವರು ಕಲ್ಲಿನ ಹತ್ರ ಬಂದಾಗ ನೀನೇ ಎದ್ದು ಜನಾನ ಕರ್ಕೊಂಡು ಹೋಗು. ನಮ್ಮೊಳಗೆ ಕೂತೋನು ಕರೆದ್ರೆ ತೊಂದರೆ ಇಲ್ಲ. ಊರಿನ ಕಡೆಯಿಂದ ಕರೆದ್ರೆ ಮಾತ್ರ ನನ್ನ ಕೈಲಿ ಏನೂ ಇಲ್ಲ. ಹೊತ್ತು ಹುಟ್ಟೋ ಮೊದ್ಲು ಹಳ್ಳ ದಾಟದೋನು ಅವತ್ತು ಅಮ್ಮನ ಕಡೆಯೋನು. ನೀನಾದ್ರೂ ಅಷ್ಟೇ.”

ಚಿಕ್ಕಪ್ಪ ಒಪ್ಪಿದರು. ಆದರೆ ಸೋಮವಾರ ನಾಗರಾಜಪ್ಪನವರಿಂದ ಮಾತು ಬಂತು. ದಾಕು ಹಾಕುವ ಹುಡುಗರು ದಾರಿ ಗೊತ್ತಿಲ್ಲ, ಖಾಲಿ ಊರಿನಲ್ಲಿ ಹಾದು ಬರಲು ಹೆದರಿಕೆ ಎನ್ನುತ್ತಿದ್ದಾರೆ, ನೀವೇ ಬಂದು ಕರೆದುಕೊಂಡು ಹೋಗಿ ಎಂದು. ಚಿಕ್ಕಪ್ಪ ಹೋಗಿ ಶಿಕಾರಿಪುರದಲ್ಲೇ ಉಳಿದರು. ಮುಂಜಾನೆಯ ಬಸ್ಸು ಹಿಡಿದು, ಕತ್ತಲಿರುವಾಗಲೇ ಹಳ್ಳ ದಾಟಿಬಿಡುವುದು ಅವರ ಲೆಕ್ಕ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಅವರು ಊರು ಮುಟ್ಟಿದಾಗ ಬಿಸಿಲು ಏರಿತ್ತು.

ಅದಕ್ಕಿಂತ ದೊಡ್ಡ ಗಾಬರಿ ಹೊರಡುವ ಮೊದಲು ಶಿಕಾರಿಪುರದ ಬಸ್ ನಿಲ್ದಾಣದಲ್ಲೇ ಆಗಿತ್ತು. ಕೆಲಸಕ್ಕೆ ಜನ ಸಾಲದೆಂದು ನಾಗರಾಜಪ್ಪನವರು ಹಳಬರೊಬ್ಬರನ್ನು ಜೊತೆಗೆ ಕರೆದಿದ್ದರು. ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ನಿಂತಿದ್ದವರು ಮಾಸ್ತಪ್ಪ.

“ನೀವು ಅಲ್ಲಿ ಕೂಗಬೇಡಿ,” ಎಂದರಂತೆ ಚಿಕ್ಕಪ್ಪ. “ಕೂಗೋದು ನನಗೆ ಬಿಡಿ.”

“ಯಾಕ್ರೀ?”

“ನಮ್ಮವ್ವ ಇರ್ತಾರೆ ಅಲ್ಲಿ.”

ಮಾಸ್ತಪ್ಪನವರಿಗೆ ಏನು ತಿಳಿಯಿತೋ ಗೊತ್ತಿಲ್ಲ. ಆಗಲಿ ಎಂದು ತಲೆಯಾಡಿಸಿದರಂತೆ.

ನಾವೆಲ್ಲ ತೋಪಿನಲ್ಲಿ ಊರಿಗೆ ಬೆನ್ನು ಹಾಕಿ ಕೂತಿದ್ದೆವು. ಮೂರು ಕಲ್ಲಿನ ಒಲೆಗಳ ಮೇಲೆ ಅನ್ನ ಬೇಯುತ್ತಿತ್ತು. ಚಿಕ್ಕಪ್ಪ ಬಂದಿಲ್ಲವೆಂದು ಅಪ್ಪ ಬೆಳಗಿನಿಂದ ಯಾರೊಡನೆಯೂ ಮಾತಾಡಿರಲಿಲ್ಲ. ಸೊರಬದ ಇನ್ಸ್‌ಪೆಕ್ಟರು ಸೈಕಲ್ಲಿನಲ್ಲಿ ಬಂದು, ನಮ್ಮನ್ನು ಬಳಸಿಕೊಂಡು ಹಳ್ಳದ ಕಡೆ ಹೋದದ್ದನ್ನು ನೋಡಿದೆವು. ಆಮೇಲೆ ಹಿಂದಿನಿಂದ ಹೆಜ್ಜೆಗಳ ಸದ್ದು ಕೇಳಿಸಿತು. ಆಮೇಲೆ ಚಿಕ್ಕಪ್ಪನ ದನಿ.

“ಗುತ್ಯಪ್ಪಣ್ಣಾ… ನಾನು ಹುಚ್ಚರಾಯ. ಬಸ್ಸು ಕೆಟ್ಟಿತು. ಎಲ್ಲರನ್ನೂ ಕರ್ಕೊಂಡು ಬರ್ರಿ.”

ಗುತ್ಯಪ್ಪನವರು ನೆಲ ನೋಡಿದರು. ಯಾರೂ ಅಲುಗಲಿಲ್ಲ.

“ಅಣ್ಣಾ… ಕೆಂಪಣ್ಣಾ…”

ಅಪ್ಪ ಒಲೆಗೆ ಇನ್ನೊಂದು ಸೌದೆ ತುರುಕಿದರು. ಓಗೊಡಲಿಲ್ಲ. ಆಗ ಯಾರದೋ ಬುಟ್ಟಿಯೊಳಗಿನ ಕೋಳಿ ಜೋರಾಗಿ ಕೊಕ್ಕೊಕ್ಕೋ ಎಂದಿತು. “ಗುಡ್ಡಮ್ಮನ ಕೋಳಿ ಓ ಅಂತು. ಅದಕ್ಕೇ ಮೊದ್ಲು ದಾಕು ಹಾಕ್ಸಿ,” ಎಂದು ಯಾರೋ ಪಿಸುಗುಟ್ಟಿದರು. ಕೆಲವರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನಗು ಬೇಗ ನಿಂತಿತು. ಅಮ್ಮನಿಗೆ ಯಾರ ದನಿಯಲ್ಲಿ ಬೇಕಾದರೂ ಕರೆಯಲು ಬರುತ್ತದೆ ಎಂದು ಎಲ್ಲರಿಗೂ ಒಮ್ಮೆಗೇ ನೆನಪಾದಂತಿತ್ತು.

ಚಿಕ್ಕಪ್ಪ ಹೆಸರು ಹಿಡಿದು ಒಬ್ಬೊಬ್ಬರನ್ನೇ ಕರೆದರು. ಪಾಠ ಹೇಳಿ ಅಭ್ಯಾಸವಾದ ಅವರ ದನಿ ಸೋತು ಒಡೆಯತೊಡಗಿತು. ಕೊನೆಗೆ, “ಅವ್ವಾ,” ಎಂದರು. ಅಷ್ಟಕ್ಕೇ ನಿಲ್ಲಿಸಿದರು.

ಅಜ್ಜಿ ಕಣ್ಣು ಮುಚ್ಚಿಕೊಂಡಿದ್ದರು. ತೊಡೆಯ ಮೇಲೆ ಬಂಗಾರಿ ಇದ್ದಳು.

ಹಳ್ಳದಿಂದ ಆಮೇಲೆ ಬೇರೆ ದನಿ ಬಂತು. ಮುದಿ ದನಿ.

“ಯಾರಾದ್ರೂ ಬರ್ರಪ್ಪಾ… ಒಬ್ಬರಾದ್ರೂ ಓ ಅನ್ರಪ್ಪಾ…”

ಅಜ್ಜಿ ಕಣ್ಣು ತೆರೆದರು. ಅವರ ಮುಖದ ಬಣ್ಣ ಹೋಯಿತು. ನಾನು ಪಕ್ಕದಲ್ಲೇ ಇದ್ದೆ, ಅದಕ್ಕೇ ಹೇಳುತ್ತಿದ್ದೇನೆ. ಇನ್ನೂ ಕೆಲವು ಮುದುಕಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರೂ ಆ ದನಿಯನ್ನು ಕೇಳಿದ್ದವರೇ.

“ಅಜ್ಜೀ,” ಎಂದಳು ಬಂಗಾರಿ. “ಯಾರೋ ಕರೀತಾರೆ.”

ಅಜ್ಜಿಯ ಬಲಗೈ ತಾನಾಗಿಯೇ ಮೇಲೆದ್ದಿತು. ಬಂಗಾರಿಯ ಬಾಯಿಯ ಹತ್ತಿರಕ್ಕೆ ಬಂದು ಅಲ್ಲೇ ನಿಂತಿತು. ಮಗು ಆ ಕೈಯನ್ನೇ ನೋಡುತ್ತಿತ್ತು. ಹಳ್ಳದಲ್ಲಿ ಆ ದನಿ ಮತ್ತೊಮ್ಮೆ ಅದೇ ಮಾತು ಕೂಗಿತು. ದಣಿದ ದನಿ, ಕೊನೆಯಲ್ಲಿ ಕೆಮ್ಮು.

ಕೆಮ್ಮು ಕೇಳಿದ ಮೇಲೆ ಅಜ್ಜಿಯ ಕೈ ಕೆಳಗಿಳಿಯಿತು.

“ಓ,” ಎಂದರು ಅಜ್ಜಿ.

ಮೊದಲನೆಯದು ಯಾರಿಗೂ ಕೇಳಿಸುವಷ್ಟಿರಲಿಲ್ಲ. ಎರಡನೆಯ ಸಲ ಎದ್ದು ನಿಂತು, ತಿರುಗಿ, ಎದೆ ತುಂಬ ಉಸಿರು ತೆಗೆದುಕೊಂಡು ಕೂಗಿದರು. “ಓ… ಬಂದೆ!”

ತೋಪಿನಲ್ಲಿ ಒಬ್ಬ ಹೆಂಗಸು ಅಳಲು ಶುರು ಮಾಡಿದಳು. ಅಜ್ಜಿ ಬಂಗಾರಿಯನ್ನು ಸೊಂಟಕ್ಕೆ ಏರಿಸಿಕೊಂಡು ಹಳ್ಳದ ಕಡೆ ನಡೆದರು. ಎಲ್ಲರೂ ಪೂಜಾರಿಯನ್ನು ನೋಡಿದರು. ಗುತ್ಯಪ್ಪನವರು ಹೆಗಲಿನ ಟವಲನ್ನು ಕೊಡವಿ ಎದ್ದರು.

“ತಾಯಮ್ಮ ಓ ಅಂದಾಯ್ತಲ್ಲ. ಇನ್ನು ನಾವು ಕೂತ್ರೆ ಅವಳೊಬ್ಬಳೇ ಹೋದಂಗಾಗ್ತದೆ. ಏಳ್ರಿ.”

ಹೀಗೆ ಊರು ಎದ್ದಿತು. ಕಲ್ಲಿನ ಮೇಲೆ ಹಾಸಿದ ಒದ್ದೆ ಬಟ್ಟೆಯ ಮೇಲೆ ಔಷಧಿ ಇತ್ತು. ಒಬ್ಬ ಇನ್ಸ್‌ಪೆಕ್ಟರು ಆಚೆ, ಒಬ್ಬರು ಈಚೆ. ಅವರು ಕೈಯಿಂದ ಕೈಗೆ ಕೊಡುತ್ತಿದ್ದರು. ಚಿಕ್ಕಪ್ಪ ಕಲ್ಲಿನಿಂದ ದೂರ ಸರಿದು ನಿಂತಿದ್ದರು. ಅವರಿಗೆ ಇಲ್ಲಿ ಮಾಡಲು ಏನೂ ಉಳಿದಿರಲಿಲ್ಲ.

ಅಜ್ಜಿ ಮಾಸ್ತಪ್ಪನವರ ಎದುರಿಗೆ ಹೋಗಿ ನಿಂತರು. ಬಹಳ ಹೊತ್ತು ನೋಡಿದರು.

“ಅವತ್ತೂ ನೀವೇನಾ?”

“ಹೌದು ತಾಯಿ.”

“ಇಷ್ಟು ಸಣ್ಣ ಮನುಷ್ಯಾನಾ ನೀವು?”

ಮಾಸ್ತಪ್ಪನವರು ಬಂಗಾರಿಯ ತೋಳಿಗೆ ದಾಕು ಹಾಕಿದರು. ಅವಳು ಅತ್ತಳು. ಅಜ್ಜಿ ಅವಳನ್ನು ನನ್ನ ಕೈಗೆ ಕೊಟ್ಟು ತಮ್ಮ ಬಲಗೈ ಚಾಚಿದರು.

“ಎಡಗೈ ಕೊಡ್ರಿ ತಾಯಿ. ಕೆಲಸ ಮಾಡೋ ಕೈ, ನೋವಾಗ್ತದೆ.”

“ಇದಕ್ಕೇ ಹಾಕ್ರಿ,” ಎಂದರು ಅಜ್ಜಿ.

ಎಲ್ಲರೂ ಬಂದರು ಎಂದು ಬರೆದರೆ ಸುಳ್ಳಾಗುತ್ತದೆ. ಒಂದು ಮನೆಯವರು ಕೊನೆಯವರೆಗೂ ಬೆನ್ನು ತಿರುಗಿಸಲಿಲ್ಲ. ಅವರ ಹೆಸರನ್ನು ಬರೆಯುವುದಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಊರಿನಲ್ಲಿ ಸಿಡುಬು ಬಂದದ್ದು ಆ ಮನೆಯೊಂದಕ್ಕೇ. ಓಗೊಟ್ಟದ್ದು ತಾಯಮ್ಮ, ಪೆಟ್ಟು ಬಿದ್ದದ್ದು ನಮಗೆ ಎಂದು ಅವರು ಇಂದಿಗೂ ಹೇಳುತ್ತಾರೆ. ಅಜ್ಜಿ ಆ ಮನೆಯ ಮುಂದೆ ಹಾದು ಹೋಗುವಾಗ ತಲೆ ತಗ್ಗಿಸುತ್ತಾರೆ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದ ಮೇಲೆ ಅಜ್ಜಿ ಹಿತ್ತಲಿನಲ್ಲಿ ಕೂತಿದ್ದರು. ಚಿಕ್ಕಪ್ಪ ಹೋಗಿ ಪಕ್ಕದಲ್ಲಿ ಕೂತರು.

“ನಿನಗೆ ಮೊದ್ಲೇ ಗೊತ್ತಿತ್ತಾ?” ಎಂದರು ಅಜ್ಜಿ.

“ಹೂಂ.”

“ಯಾವಾಗಿಂದ?”

“ಹೋದ ದಸರೆಯಿಂದ.”

ಅಜ್ಜಿ ಬಾವಿಯ ಕಡೆಗೇ ನೋಡುತ್ತಿದ್ದರು.

“ಅವತ್ತು ನೋಡಿದ್ದೆ ಅವ್ವ. ತಿರುಗಿ ನೋಡಿದ್ದೆ. ಮನುಷ್ಯನ ಥರ ಇದ್ದ. ಹೇಳ್ಲಿಲ್ಲ.”

“ಎರಡು ಸಲ ಹೇಳ್ಲಿಲ್ಲ ನೀನು,” ಎಂದರು ಅಜ್ಜಿ. ಸಿಟ್ಟಿನಿಂದಲ್ಲ, ಎಣಿಸಿ ನೋಡಿದವರಂತೆ. ಆಮೇಲೆ ಎದ್ದು ಒಲೆ ಹಚ್ಚಲು ಒಳಗೆ ಹೋದರು. ಚಿಕ್ಕಪ್ಪ ಬಿಸಿಲು ಮೈಮೇಲೆ ಬರುವವರೆಗೆ ಅಲ್ಲೇ ಕೂತಿದ್ದರು.

ಅವರ ಸಂಶೋಧನೆ ಇನ್ನೂ ಮುಗಿದಿಲ್ಲ. ಎರಡು ತಾಲ್ಲೂಕಿನವರು ಒಂದು ಕಲ್ಲಿನ ಬಳಿ ಕೂಡಿ ಕೆಲಸ ಮಾಡಿದ್ದನ್ನು ಬರೆದು ಒಪ್ಪಿಸಿದಾಗ ಪ್ರೊಫೆಸರರು ಚೆನ್ನಾಗಿದೆ ಎಂದರಂತೆ. ಅಜ್ಜಿ ಓಗೊಟ್ಟ ಭಾಗವನ್ನು ಮಾತ್ರ ಹೊಡೆದು ಹಾಕಿದರಂತೆ. “ಈಕೆ ಯಾವ ಸಂಸ್ಥೆಗೆ ಸೇರಿದವರು?” ಎಂದು ಪಕ್ಕದಲ್ಲಿ ಬರೆದಿದ್ದರಂತೆ. ಅದನ್ನು ಹೇಳಿ ಚಿಕ್ಕಪ್ಪ ನಕ್ಕರು. ಅಪ್ಪ ನಗಲಿಲ್ಲ. ಚಿಕ್ಕಪ್ಪ ಆ ಭಾಗವನ್ನು ಮತ್ತೆ ಬರೆಯುತ್ತಿದ್ದಾರೆ. ಅದರಲ್ಲಿ ಕಂಕುಳ ಸಂದಿನಿಂದ ನೋಡಿದ ಹುಡುಗನೂ ಇದ್ದಾನೋ ಇಲ್ಲವೋ ನಾನು ಕೇಳಿಲ್ಲ.

ಈಗ ಅಜ್ಜಿಯಲ್ಲಿ ಒಂದು ಹೊಸ ಅಭ್ಯಾಸ ಕಾಣುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ, ಒಮ್ಮೊಮ್ಮೆ ಅಕ್ಕಿ ಆರಿಸುತ್ತಿರುವಾಗಲೂ, ಇದ್ದಕ್ಕಿದ್ದಂತೆ ತಲೆ ಎತ್ತಿ “ಓ” ಎನ್ನುತ್ತಾರೆ. ಯಾರೂ ಕರೆದಿರುವುದಿಲ್ಲ. ಮೊದಲು ನಾವು, “ಯಾರಜ್ಜಿ?” ಎಂದು ಕೇಳುತ್ತಿದ್ದೆವು. ಈಗ ಕೇಳುವುದಿಲ್ಲ.

ಈ ಸಲದ ಬೇಸಿಗೆ ರಜೆಗೆ ಚಿಕ್ಕಪ್ಪ ಬಂದಿದ್ದಾಗಲೂ ಹಾಗೆ ಆಯಿತು. ಅವರು ಬರೆಯುವುದನ್ನು ನಿಲ್ಲಿಸಿ ಅಜ್ಜಿಯ ಮುಖ ನೋಡಿದರು. ಆಮೇಲೆ ಎದ್ದು ಹೋಗಿ ಪಡುವಣ ಬದಿಯ ಬಾಗಿಲನ್ನು ಪೂರ್ತಿ ತೆರೆದಿಟ್ಟು ಬಂದರು. ಅಲ್ಲಿಂದ ಹಳ್ಳ ಕಾಣುತ್ತದೆ, ಅಲ್ಲಿ ಯಾರು ಕರೆದರೂ ಕೇಳಿಸುತ್ತದೆ.